ಹಿಡಿ

ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಭಾನುವಾರದ ಬಜಾರು.
ಮುಚ್ಚಿದ ಶಟರಿನ ಮುಂದೆ, ಮುಚ್ಚಳವಿಲ್ಲದ ಮಿಕ್ಸಿ ಜಾರುಗಳ ನಡುವೆ
ನಿಂತಿತ್ತು ಅದು: ಕರೀ ಜಾಯ್‌ಸ್ಟಿಕ್ಕು,
ಎಮ್ಮೆಗರುವಿನ ಕೋಡಿನಷ್ಟು ಗಟ್ಟಿ.
ಹನ್ನೆರಡು ನೂರು ಅಂದ, ಏಳುನೂರಕ್ಕೆ ಕೊಟ್ಟ.
"ಓಡುತ್ತೇನಪ್ಪಾ?"
"ಹಾರುತ್ತೆ ಸಾರ್."

ಹಾರಿತು, ಸುಳ್ಳಲ್ಲ.
ಒದೆಯಲಿಲ್ಲ.

ಒದೆಯಬೇಕು ಅದು. ಬುಡದಲ್ಲಿ ಎರಡು ಮೋಟರಿವೆ.
ಪರದೆಯೊಳಗಿನ ರೆಕ್ಕೆಗೆ ಗಾಳಿ ಬಡಿದರೆ
ಇಲ್ಲಿ ನನ್ನ ಮಣಿಕಟ್ಟಿಗೆ ಬಡಿಯಬೇಕು.
ವೇಗ ಸತ್ತು ವಿಮಾನ ಕುಸಿಯುವ ಮುಂಚೆ
ಹಿಡಿ ನಡುಗಬೇಕು, ಜ್ವರದ ಮಗುವಿನ ಗಲ್ಲದ ಹಾಗೆ.
ನನ್ನದು ಗಂಜಿಯಲ್ಲಿ ಬಿಟ್ಟ ಸೌಟು.

ಇಪ್ಪತ್ತೊಂಬತ್ತು ವರ್ಷದಿಂದ ಬಸ್ಸು ಓಡಿಸುತ್ತಿದ್ದೇನೆ,
ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ಹೆಚ್ಚು.
ಆಗಿನ ಸ್ಟೇರಿಂಗು ಗೊತ್ತಾ ನಿಮಗೆ?
ಒಂದೊಂದು ಗುಂಡಿಯೂ ಒಳಗೆ ಬಂದು
ಹೆಸರು ಹೇಳಿ ಹೋಗುತ್ತಿತ್ತು.
ದೊಮ್ಮಲೂರಿನದು ಎಡಮೊಣಕೈಗೆ,
ಮುರುಗೇಶಪಾಳ್ಯದ್ದು ಹೆಬ್ಬೆರಳ ಬುಡಕ್ಕೆ.
ರಾತ್ರಿ ಎಣ್ಣೆ ತಿಕ್ಕುತ್ತಾ ರಾಜಮಣಿ ಕೇಳೋಳು:
"ಮಾರತ್ತಹಳ್ಳಿ ಎಲ್ಲಿ ಇವತ್ತು?"
ಭುಜ ತೋರಿಸುತ್ತಿದ್ದೆ.
ಈಗಿನದು ಏಸಿ ಗಾಡಿ. ಬೆಣ್ಣೆ.
ಎರಡು ಬೆರಳು ಸಾಕು.
ಎಣ್ಣೆ ಬಾಟಲಿ ಎಲ್ಲಿಟ್ಟಿದ್ದಾಳೋ, ಕೇಳಿಲ್ಲ.

ವೈರು ಬದಲಿಸಿದೆ. ಅಡಾಪ್ಟರಿಗೆ ಟೆಸ್ಟರು ಇಟ್ಟೆ.
ಹಿಂದಿನ ತೂತಿನಿಂದ ಮುಂದಿನ ತೂತಿಗೆ ಪ್ಲಗ್ಗು ಚುಚ್ಚಿದೆ.
ಮೇಲಿನ ಮನೆಯ ನೌಶೀನ್, ಪಿಯುಸಿ ಹುಡುಗಿ,
ಹಳೇ ಡ್ರೈವರು ಕಿತ್ತು ಹೊಸತು ಹಾಕಿ
ಅರ್ಧ ಗಂಟೆ ನೋಡಿ ಹೇಳಿದಳು,
"ಅಂಕಲ್, ಡ್ರೈವರಲ್ಲಿ ಏನೂ ತೊಂದರೆಯಿಲ್ಲ."
"ಅದು ನಂಗೊತ್ತು ಕಣಮ್ಮ" ಅಂದೆ.

ಒಮ್ಮೊಮ್ಮೆ ಎದ್ದುಬಿಡುತ್ತಿತ್ತು, ಅದೇ ಕಾಟ.
ಮೂರು ಸೆಕೆಂಡು ಕುದುರೆ,
ಆಮೇಲೆ ಮತ್ತೆ ಸೌಟು.

ಎಸ್.ಪಿ. ರಸ್ತೆ, ಮೆಟ್ಟಿಲ ಕೆಳಗಿನ ಅಂಗಡಿ.
ತಾಜುದ್ದೀನ್ ಸ್ಕ್ರೂ ಬಿಚ್ಚಿ, ಮೂಸಿ, ತಲೆಯಾಡಿಸಿದ:
ಮೋಟರು ಸುಟ್ಟಿಲ್ಲ, ಬೆಲ್ಟು ಹರಿದಿಲ್ಲ.
ಹಿಡಿಯ ಹೊಟ್ಟೆಯಲ್ಲಿ ಉಗುರಗಲದ ಒಂದು ಕಿಟಕಿ ತೋರಿಸಿದ.
ಅದರಿಂದ ಕಣ್ಣಿಗೆ ಕಾಣದ ಬೆಳಕು ಹೊರಡುತ್ತಂತೆ,
ಅಂಗೈಗೆ ತಾಗಿ ವಾಪಸು ಬಂದರೆ ಕೈ ಇದೆ ಅಂತ ಲೆಕ್ಕ.
ಬರದಿದ್ದರೆ ಮೋಟರು ಮಲಗುತ್ತೆ.
ಹತ್ತಿಗೆ ಸ್ಪಿರಿಟ್ಟು ಅದ್ದಿ ಒರೆಸಿದ.
ಯಾರದೋ ಅಂಗೈಯ ಎಷ್ಟು ವರ್ಷದ ಬೆವರೋ,
ಕಂದು ಕಂದು ಬಂತು.

ಅಂಗಡಿಯಲ್ಲಿ ಒದೆಯಿತು. ಮನೆಯಲ್ಲಿ ಸೌಟು.

ಎರಡನೇ ಸಲ ಅವನು ಸ್ಕ್ರೂ ಮುಟ್ಟಲಿಲ್ಲ.
"ಹಿಡಿದು ತೋರಿಸಿ" ಅಂದ.
ಕೋಲು ನೋಡಲಿಲ್ಲ, ನನ್ನ ಕೈ ನೋಡಿದ.
"ಎಲ್ಲಿ ಹಿಡಿದಿದ್ದೀರಣ್ಣ? ಮುಟ್ಟಿದ್ದೀರಿ ಅಷ್ಟೆ."

ನೋಡಿಕೊಂಡೆ. ಎರಡು ಬೆರಳು, ಹೆಬ್ಬೆರಳ ತುದಿ.
ಅಂಗೈ ಕಿಟಕಿಯಿಂದ ಒಂದಂಗುಲ ದೂರ.

"ಟೇಪು ಅಂಟಿಸಿಬಿಡಲಾ? ಕೈ ಇಲ್ಲದಿದ್ದರೂ
ಇದೆ ಅಂದುಕೊಂಡು ಒದೀತಿರುತ್ತೆ. ಎಲ್ಲರೂ ಮಾಡಿಸ್ತಾರೆ."
ಬೇಡ ಅಂದೆ. ಯಾಕೆ ಅಂತ
ಅವನೂ ಕೇಳಲಿಲ್ಲ, ಪುಣ್ಯ.
ನೋಡಿದ್ದಕ್ಕೆ ದುಡ್ಡಿಲ್ಲ, ಹೋದ ಸಲದ ಸ್ಪಿರಿಟ್ಟಿಗೆ ಇಪ್ಪತ್ತು.

ರಾತ್ರಿ ಹನ್ನೊಂದೂವರೆ.
ಪಡುವಣದಿಂದ, ದೊಮ್ಮಲೂರಿನ ಮೇಲೆ, ಇಳಿಯತೊಡಗಿದೆ.
ಪರದೆಯಲ್ಲಿ ನನ್ನ ಸ್ಟಾಪುಗಳಿಲ್ಲ, ಬರೀ ಹಸಿರು ಚೌಕ,
ಆಚೆಗೆ ಹಳೇ ನಿಲ್ದಾಣದ ದೀಪದ ಸಾಲು.
ಐದೂ ಬೆರಳು ಸುತ್ತಿ ಹಿಡಿದೆ,
ಮೊದಲ ಗಾಡಿಯಲ್ಲಿ ಹೆದರಿ ಹಿಡಿದ ಹಾಗೆ.
ಎಡಗಾಳಿ ಬಂತು. ಮೊಣಕೈಗೆ ಬಂತು.
ಎಳೆಯಿತು, ನಾನೂ ಎಳೆದೆ,
ಬನಿಯನ್ನು ಬೆನ್ನಿಗಂಟಿತು.
ಚಕ್ರ ನೆಲ ಮುಟ್ಟಿದಾಗ
ಟಕ್ ಅಂತ ಒಂದು
ನೇರ ಹೆಬ್ಬೆರಳ ಬುಡಕ್ಕೆ:
ಮುರುಗೇಶಪಾಳ್ಯ.

ಒಳಗಿಂದ ರಾಜಮಣಿ, ಅರೆನಿದ್ದೆಯಲ್ಲಿ,
"ಏನ್ರೀ ಅದು ಸದ್ದು?"
"ಗುಂಡಿ" ಅಂದೆ.

ನಾಲ್ಕೂ ಇಪ್ಪತ್ತಕ್ಕೆ ಡಿಪೋದಲ್ಲಿರಬೇಕು.
ಕೈ ತೆಗೆದೆ.
ತಕ್ಷಣ ಗೊತ್ತಾಯಿತು ಅದಕ್ಕೆ.