ಹದಿನೇಳು

ಗಲೀಸಿಯಾದ ಈ ಬಂದರಿನಲ್ಲಿ ಹರಾಜು ಮೇಲಿನಿಂದ ಕೆಳಗಿಳಿಯುತ್ತದೆ.
ನಲವತ್ತರಿಂದ ಶುರು, ಮೂವತ್ತೊಂಬತ್ತು, ಮೂವತ್ತೆಂಟು,
ಯಾರೋ ಒಬ್ಬ ತಡೆಯಲಾರದೆ ‘ನನಗೆ’ ಎನ್ನುವ ತನಕ.
ಇಪ್ಪತ್ತಾರು ವರ್ಷ ಎಲಾದಿಯೊ ಆ ಅಂಕಿಗಳನ್ನು
ಹುರಿಗಡಲೆಯ ಹಾಗೆ ಬಾಯಲ್ಲಿ ಸಿಡಿಸಿದ.
ಉಸಿರು ಎಲ್ಲಿ ಎಳೆದುಕೊಳ್ಳುತ್ತಿದ್ದನೋ ಯಾರಿಗೂ ತಿಳಿಯಲಿಲ್ಲ,
ಪಕ್ಕದಲ್ಲೇ ಮಲಗುತ್ತಿದ್ದ ನನಗೂ.

ಫೆಬ್ರವರಿಯ ಒಂದು ಬೆಳಗು, ಬೂತಾಯಿಯ ಎರಡನೇ ರಾಶಿ,
ಹದಿನೇಳಕ್ಕೆ ನಿಂತ.
ಕೊಳ್ಳುವವರು ಕಾದರು, ಇದೂ ಒಂದು ಚಾಲಾಕಿ ಅಂದುಕೊಂಡರು.
ಬೆಲೆ ಇಳಿಯಲಿಲ್ಲ.
ತುಟಿಯ ಬಲತುದಿ ಇಳಿಯಿತು.

ಮೂರು ವಾರಕ್ಕೆ ಮನೆಗೆ ಬಂದ.
ನೀರು ಬೇಕಾದರೆ ಹದಿನೇಳು. ಕಾಲು ಸೆಳೆದರೆ ಹದಿನೇಳು.
ಮಗಳು ವೀಗೋದಿಂದ ಫೋನ್ ಮಾಡಿದರೆ
ಕಣ್ಣರಳಿಸಿ, ಹದಿನೇಳು ಹದಿನೇಳು.
ಸಬೇಲ, ಮೂರಕ್ಷರದ ಹೆಸರು ನನ್ನದು. ಅದೂ ಹೋಯಿತು.

ದೊರಿಂದಾ ಎಲೆಕೋಸಿನ ಸಾರು ತಂದಳು.
‘ಜೀವ ಉಳಿಯಿತಲ್ಲ, ದೇವರು ದೊಡ್ಡವನು.’
ಪಾದ್ರಿಯೂ ಅದನ್ನೇ ಅಂದರು, ಔಷಧಿ ಅಂಗಡಿಯವನೂ.
ಎಲ್ಲರಿಗೂ ಹೌದು ಅಂದೆ.
ಪಾತ್ರೆ ತೊಳೆದು ಹಿಂದಕ್ಕೆ ಕೊಟ್ಟೆ.

ಅವಳ ಗಂಡ ಮುಳುಗಿದಾಗ ಗಂಟೆ ಬಾರಿಸಿದ್ದರು.
ಊರಿಗೆ ಊರೇ ಕಪ್ಪುಟ್ಟು ಅವಳ ಅಡುಗೆಮನೆಯಲ್ಲಿ ನಿಂತಿತ್ತು,
ನಾನೂ ನಿಂತಿದ್ದೆ.
ಅಮ್ಮನ ಮಣ್ಣಿಗೆ ತೊಟ್ಟ ಉಡುಪನ್ನು ಒಂದು ಮಧ್ಯಾಹ್ನ ಹೊರತೆಗೆದೆ,
ಒಂದು ತೋಳು ಏರಿಸಿದೆ. ಅಷ್ಟರಲ್ಲಿ
ಆಚೆ ಕೋಣೆಯಲ್ಲಿ ಅವನು ಕೆಮ್ಮಿದ.
ಕದ್ದದ್ದನ್ನು ಬಚ್ಚಿಡುವವಳ ಹಾಗೆ ಮಡಚಿಟ್ಟೆ.

ಉಣ್ಣುತ್ತಾನೆ. ಕಿಟಕಿಯಲ್ಲಿ ಕೂರುತ್ತಾನೆ. ಗಡ್ಡ ನಾನೇ ಹೆರೆಯುತ್ತೇನೆ.
ಬೆಚ್ಚಗಿನ ಕೆನ್ನೆ, ಅದೇ ಕೆನ್ನೆ.
ಅವನಿಗಾಗಿ ಅತ್ತರೆ ಅವನೇ ನನ್ನ ಕಣ್ಣೊರೆಸುತ್ತಾನೆ,
ಏನಾಯಿತೆಂದು ಕೇಳುತ್ತಾನೆ, ಉಳಿದಿರುವ ಒಂದೇ ಮಾತಿನಲ್ಲಿ.
ನೀನು ಇಲ್ಲ ಎಂದು ನಿನಗೇ ಹೇಗೆ ಹೇಳಲಿ?

ನಿನ್ನೆ ರಾತ್ರಿ ನಿದ್ದೆ ಹತ್ತಲಿಲ್ಲ. ಕತ್ತಲಲ್ಲಿ
ನಲವತ್ತು ಅಂದೆ, ಸುಮ್ಮನೆ. ಮೂವತ್ತೊಂಬತ್ತು.
ಅವನ ವೇಗ ನನಗೆಲ್ಲಿಂದ ಬರಬೇಕು,
ಮಂಡಿನೋವಿನವಳು ಮೆಟ್ಟಿಲಿಳಿಯುವ ಹಾಗೆ ಇಳಿದೆ.
ಇಪ್ಪತ್ತು.
ಹತ್ತೊಂಬತ್ತು.
ಹದಿನೆಂಟು. ಅಲ್ಲಿ ನಿಲ್ಲಿಸಿದೆ.

ಹಳೆಯ ಗಂಟಲಿನಲ್ಲಿ, ಇಡೀ ಹರಾಜುಕಟ್ಟೆಗೆ ಕೇಳುವ ಹಾಗೆ,
ಹದಿನೇಳು, ಅಂದ.

ಹದಿನಾರು ನನ್ನ ನಾಲಗೆಯ ಮೇಲೆ ಬಂದು ಕೂತಿತ್ತು.
ನನಗೆ, ಅಂದೆ.

ಆಮೇಲೆ ಎದ್ದು ದೀಪ ಹಾಕಿದೆ.
ಮಾತ್ರೆಯ ಹೊತ್ತು ಮೀರಿತ್ತು.