ಖಾಲಿ ಬಂದದ್ದರ ಲೆಕ್ಕ

ಅಂಕ ಬರೆಯುವವನು ನಾನು.
ಇನ್ನೂರು ಪುಟದ ನೋಟ್‌ಬುಕ್ಕು, ನೀಲಿ ರೀಫಿಲ್ಲು.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದೆ
ಕೆಮ್ಮಣ್ಣಿನ ಅಂಕಣ, ನಾಲ್ಕು ಹ್ಯಾಲೊಜನ್ ದೀಪ,
ಬೆಂದ ಹುಳುವಿನ ವಾಸನೆ.
ಹೊರಗಿನವರು ಮೂಗು ಮುಚ್ಚುತ್ತಾರೆ,
ನಮಗೆ ಅದು ಬಾರದ ದಿನ
ಊರಲ್ಲೇನೋ ಕೆಟ್ಟಿದೆ ಅನ್ನಿಸುತ್ತದೆ.

ಐವತ್ತು ಸೆಕೆಂಡು ಬಾಕಿ.
ನಾವು ಇಪ್ಪತ್ತೇಳು, ಗೌರಿಬಿದನೂರು ಇಪ್ಪತ್ತಾರು.
ಅಂಕಣದಲ್ಲಿ ಅವರು ಐವರು, ನಮ್ಮವರು ಮೂವರು,
ಮೂವರಲ್ಲೊಬ್ಬಳ ಮಂಡಿ ಊದಿದೆ.
ರೈಡು ನಮ್ಮದು.

ಈಗೇನು ಮಾಡಬೇಕೆಂದು ಕಡಲೆಕಾಯಿ ಮಾರುವ ಹುಡುಗನಿಗೂ ಗೊತ್ತು:
ನಡುಗೆರೆ ದಾಟು, ಬಾಕ್ ಲೈನು ತುಳಿ,
ಮೂವತ್ತು ಸೆಕೆಂಡು ಕಬಡ್ಡಿ ಕಬಡ್ಡಿ ಅಂತ ಜಪ ಮಾಡು,
ಬರಿಗೈಲಿ ಬಾ.
ಶಾಮಿಯಾನ ಹಾಕಿಸಿಕೊಟ್ಟ ಪಿಳ್ಳೇಗೌಡರು ಕುರ್ಚಿಯಿಂದೆದ್ದು
"ಟೈಂ ತಳ್ಳಮ್ಮಾ, ಟೈಂ ತಳ್ಳು" ಎಂದು ಕೂಗಿದರು.
ಸುತ್ತ ನಿಂತವರೆಲ್ಲ ಅವರ ಹಿಂದೆಯೇ ಕೂಗಿದರು.

ಅನ್ಸರ್ ಪಾಷ ಸರ್ ಮಾತ್ರ ಸುಮ್ಮನಿದ್ದರು.
ಪಿ.ಟಿ. ಮೇಷ್ಟ್ರಾಗುವ ಮುಂಚೆ
ಅಪ್ಪನ ಜೊತೆ ಗೂಡು ಕೊಂಡವರು.
ರಾಶಿಯೊಳಗೆ ಮೊಣಕೈತನಕ ಕೈ ಇಳಿಸಿ,
ಒಂದು ಗೂಡೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ,
ಪಕ್ಕದವನು ಬಾಯಿ ತೆರೆಯುವಷ್ಟರಲ್ಲಿ
ಐದು ರೂಪಾಯಿ ಮೇಲೆ ಕೂಗಿದ ಗಂಟಲು.
ಎಷ್ಟೋ ಸಲ ನೂಲು ಹರಿದು ಹರಿದು ಬಂತಂತೆ,
ಅಪ್ಪ ಎರಡು ದಿನ ಮಾತು ಬಿಟ್ಟರಂತೆ.
"ಕೊಳ್ಳದೆ ಬಿಟ್ಟ ಲಾಟು ಚೆನ್ನಾಗಿತ್ತೋ ಕೊಳೆತಿತ್ತೋ
ಯಾರಿಗೂ ಗೊತ್ತಾಗಲ್ಲ ಕಣೋ.
ಅದಕ್ಕೇ ನೋಡು, ಬಿಟ್ಟವನಿಗೆ ಯಾವತ್ತೂ ಕೆಟ್ಟ ಹೆಸರಿಲ್ಲ."

ಟವೆಲ್ಲನ್ನು ಎಡಹೆಗಲಿಂದ ಬಲಹೆಗಲಿಗೆ ಹಾಕಿಕೊಂಡರು.
ಮುಟ್ಟಿ ಬಾ, ಎಂದು.

ಹೋದವಳು ಮೌನಿಕ.
(ಹೆಸರಿಟ್ಟವರಿಗೆ ಏನು ಗೊತ್ತಿತ್ತು, ಪಾಪ.)
ಹತ್ತೊಂಬತ್ತು ವರ್ಷ, ನಲವತ್ತಾರು ಕೆಜಿ,
ಅಮ್ಮನ ಬೇಸಿನ್ನಿನ ಬಿಸಿನೀರಿಗೆ ಬೆಳ್ಳಗೆ ಸುಕ್ಕಿದ ಬೆರಳು.
ಇಂಥ ಹೊತ್ತಲ್ಲಿ ಹನ್ನೊಂದು ಸಲ ಹೋಗಿದ್ದಾಳೆ,
ಐದು ಸಲ ಮುಟ್ಟಿದ್ದಾಳೆ.
ಪುಟ ತಿರುವಿ ಸರ್ ಮುಂದೆ ಹಿಡಿದೆ. ನೋಡಲಿಲ್ಲ.
"ಅವರ ಕೊನೇ ರೈಡಿಗೆ ಯಾರು ಬರ್ತಾಳೆ?"
ಕೀರ್ತನಾ, ಅಂದೆ.
"ನಾವು ಮೂರೇ ಜನ ಇದ್ದಾಗ ಅವಳನ್ನ ಎಷ್ಟು ಸಲ ಹಿಡಿದಿದ್ದೀವಿ?
ಅದನ್ನೂ ಬರೆದಿದ್ದೀಯ ತಾನೆ?"
ಬರೆದಿದ್ದೆ. ಆ ಸಾಲಿನುದ್ದಕ್ಕೂ ಸೊನ್ನೆ,
ಒಂದು ಕಡೆ ಮಾತ್ರ ಚಹಾದ ಕಲೆ.

ಒಂದೇ ಉಸಿರು, ತೆಳ್ಳಗೆ, ಹರಿಯದೆ
ಒಳಗೊಳಗೆ ಹೋದಳು.
ಬಲಮೂಲೆಯವಳ ಕಡೆ ಕಾಲು ಚಾಚಿ, ಎಳೆದು, ಮತ್ತೆ ಚಾಚಿದಾಗ
ಹರಡು ಸಿಕ್ಕಿತು.
ಮೇಲೆ ಒಬ್ಬರಮೇಲೊಬ್ಬರು ಬಿದ್ದರು.
ಆ ರಾಶಿಯಿಂದ ಹೊರಬಂದ ಕೈ
ನಡುಗೆರೆಗೆ ಒಂದು ಗೇಣು ಕಡಿಮೆ.

ಇಪ್ಪತ್ತೇಳು, ಇಪ್ಪತ್ತೇಳು.
ಆಮೇಲೆ ಕೀರ್ತನಾ ಬಂದಳು,
ಊದಿದ ಮಂಡಿಯವಳನ್ನು ತಟ್ಟಿ
ಓಡಲೂ ಇಲ್ಲ, ನಡೆದುಕೊಂಡೇ ಹೋದಳು.

"ಸುಮ್ಮನೆ ವಾಪಸ್ ಬಂದಿದ್ದರೆ ಟೈ ಆದರೂ ಆಗುತ್ತಿತ್ತಲ್ಲ ಪಾಷ!"
ಪಿಳ್ಳೇಗೌಡರ ಮಾತಿಗೆ ಶಾಮಿಯಾನದ ಕಂಬ ಕೂಡ ತಲೆದೂಗಿತು.
ಸರ್ "ಆಗಬಹುದಿತ್ತು ಸಾರ್" ಅಂದರು,
ಮೌನಿಕಳ ಮೊಣಕೈಗೆ ಹತ್ತಿ ಒತ್ತುತ್ತಲೇ.

ರಾತ್ರಿ ಬೈಕಿನ ಹಿಂದೆ ಕೂತವನಿಗೆ, ತಲೆ ತಿರುಗಿಸದೆ,
"ಟೈಂ ತಳ್ಳಿ ಸೋತ ಮ್ಯಾಚು ಎಷ್ಟು?"
ಲೆಕ್ಕ ಇಟ್ಟಿಲ್ಲ ಸರ್.
"ಹ್ಞೂಂ."
ದಿಬ್ಬೂರಹಳ್ಳಿ ರಸ್ತೆಯ ಹಂಪು ಬಂತು, ಮಾತು ಅಲ್ಲಿಗೇ ನಿಂತಿತು.

ಮಾರನೆಯ ಸಂಜೆ ಸ್ಕೇಲಿಟ್ಟು ಹೊಸ ಗೆರೆ ಎಳೆದೆ.
ಮೇಲೆ ಏನೆಂದು ಬರೆಯಲಿ, ಹೊಳೆಯಲಿಲ್ಲ.
ಮೌನಿಕ ಭುಜದ ಮೇಲಿಂದ ಬಗ್ಗಿ ನೋಡಿದಳು.
"ಹನ್ನೆರಡರಲ್ಲಿ ಐದಾ ಅಣ್ಣ?"
ಐದು.
"ಮತ್ತೆ ಕಳಿಸ್ತಾರಾ?"

ಸರ್ ಸುಣ್ಣದ ಡಬ್ಬಿ ಹಿಡಿದು ನಡುಗೆರೆ ಎಳೆಯುತ್ತಿದ್ದರು.
ಟವೆಲ್ಲು ತಂತಿಬೇಲಿಯ ಮೇಲೆ ಒಣಗುತ್ತಿತ್ತು.
ಅದನ್ನೇ ನೋಡಿಕೊಂಡು ಅವಳು
ಶೂ ಲೇಸು ಬಿಗಿದುಕೊಂಡಳು.