ಗೆರೆ ದಾಟಿದ ಎಣ್ಣೆ

ಕಡ್ಡಿ ಎಳೆದು, ಹಳೇ ಬನಿಯನ್ನಿನಲ್ಲಿ ಒರೆಸಿ,
ಮತ್ತೆ ಇಳಿಸಿ, ಮತ್ತೆ ಎಳೆದು
ಬೆಳಕಿಗೆ ಹಿಡಿದ ಚೆಲುವಯ್ಯ.
"ನೋಡಣ್ಣ, ಒಂದು ತೊಟ್ಟೂ ಕುಡಿದಿಲ್ಲ ಗಾಡಿ,
ಹಾಕಿದ್ದಕ್ಕಿಂತ ಜಾಸ್ತೀನೇ ಐತೆ!"
ಹಾಲುಕ್ಕಿಸಿದ ಮನೆಯವನ ಹಾಗೆ ನಕ್ಕ.

ನಾನು ನಗಲಿಲ್ಲ.
ಮೂವತ್ತೊಂದು ವರ್ಷ ಬಿ.ಎಂ. ರಸ್ತೆಯ ಈ ಶೆಡ್ಡಿನಲ್ಲಿ
ಕಮ್ಮಿಯಾದ ಎಣ್ಣೆಗೇ ಕಾರಣ ಹುಡುಕಿದವನು:
ಹರಿದ ಸೀಲು, ಸವೆದ ರಿಂಗು, ಕದ್ದ ಹುಡುಗ.
ಹೆಚ್ಚಾದ ಎಣ್ಣೆಯೂ ಕಾಯಿಲೆ ಎಂಬುದು
ತಲೆ ನರೆತ ಮೇಲೆ ಕಲಿತ ಪಾಠ.
ಬಾತ ಕಾಲನ್ನು ನೋಡಿ
ಮೈ ತುಂಬಿಕೊಂಡಿದ್ದಾನೆ ಎಂದ ಹಾಗೆ ಅದು.

ಬೆರಳಿಗೊಂದು ಹನಿ.
ಹೆಬ್ಬೆರಳು ತೀಡಿದರೆ ತುಸು ತಡೆಯಬೇಕು,
ಜಾರಲು ಒಲ್ಲೆ ಎನ್ನಬೇಕು. ಎನ್ನಲಿಲ್ಲ.
ಮೂಗಿಗೆ ಹಿಡಿದೆ: ಬಂಕಿನ ವಾಸನೆ.
ನಿನ್ನೆಯ ಪೇಪರಿನ ಮೇಲೆ ಬಿಟ್ಟೆ.
ನಡುವೆ ಕಪ್ಪು ಬೊಟ್ಟು ನಿಂತಿತು, ಸುತ್ತಲ ತೆಳು ಹಳದಿ
ಶ್ರದ್ಧಾಂಜಲಿಯ ಇಬ್ಬರನ್ನು ದಾಟಿ
ಆಲೂಗಡ್ಡೆ ದರದವರೆಗೆ ಹರಡಿತು.

"ಎಲ್ಲಿಗೆಲ್ಲ ಓಡುತ್ತೆ?"
"ಎಲ್ಲಿಗೂ ಇಲ್ಲಣ್ಣ."
ಅದೇ ಉತ್ತರ, ಅದೇ ರೋಗ.
ಇಂಡಸ್ಟ್ರಿಯಲ್ ಏರಿಯಾದಲ್ಲಿ ನೀರಿನ ಕ್ಯಾನು ತುಂಬಿ
ವಿದ್ಯಾನಗರ, ಕೆ.ಆರ್. ಪುರಂ, ಸಾಲಗಾಮೆ ರಸ್ತೆ.
ಗೇಟಿಗೆ ನಿಲ್ಲಿಸು, ಆಫ್ ಮಾಡು, ಎರಡು ಇಳಿಸು,
ಖಾಲಿ ಎರಡು ಹತ್ತಿಸು, ಸ್ಟಾರ್ಟ್ ಮಾಡು,
ಮುಂದಿನ ಗೇಟು ಅರವತ್ತು ಮಾರು.
ಡೀಸೆಲ್ ಉಳಿಯಲಿ ಎಂದೇ ಆಫ್ ಮಾಡುತ್ತಾನೆ.
ಉಳಿಸಿದ್ದೆಲ್ಲ ಎಲ್ಲಿ ಕೂತಿದೆ ಎಂದು
ನನ್ನ ಬೆರಳಿಗೆ ಗೊತ್ತು.

ಈಗಿನ ಗಾಡಿಯ ಹೊಗೆಕೊಳವೆಯಲ್ಲೊಂದು ಜರಡಿ.
ಮಸಿ ಕಟ್ಟಿದಾಗ ತಾನೇ ಸುಟ್ಟುಕೊಳ್ಳಬೇಕು,
ಸುಡಲು ಒಂದು ಗುಟುಕು ಡೀಸೆಲ್ ಹೆಚ್ಚಿಗೆ ಕೇಳುತ್ತದೆ.
ಕಾವು ಏರುವಷ್ಟರಲ್ಲಿ ಕೀ ತಿರುಗಿಸಿದರೆ
ಆ ಗುಟುಕಿನ ಪಾಲು ಸಿಲಿಂಡರಿನ ಗೋಡೆ ಹಿಡಿದು ಇಳಿದು
ಎಣ್ಣೆಯೊಳಗೆ ಸದ್ದಿಲ್ಲದೆ ಸಂಸಾರ ಹೂಡುತ್ತದೆ.
ಹತ್ತಿದ್ದು ಆರುವುದು, ಆರಿದ್ದು ಮತ್ತೆ ಹತ್ತಲು ನೋಡುವುದು,
ದಿನಕ್ಕೆ ನಲವತ್ತು ಗೇಟು.

"ಹಂಗಾದ್ರೆ ದಪ್ಪ ಎಣ್ಣೆ ಹಾಕ್ಬಿಡಿ,
ಡೀಸೆಲ್ ಬೆರೆತು ಸರಿಹೋಗ್ತದೆ."

ನನ್ನ ಬಾಯಿಂದಲೇ ಬಿದ್ದ ಮಾತು ಅದು, ಒಂದು ಕಾಲಕ್ಕೆ.
ಅರಕಲಗೂಡಿನ ಶುಂಠಿ ಗಾಡಿಗೆ ಹಾಗೇ ಹಾಕಿದ್ದೆ
ಟ್ರ್ಯಾಕ್ಟರಿನ ಡಬ್ಬದಲ್ಲಿ ಮಿಕ್ಕಿದ್ದನ್ನು.
ಎಣ್ಣೆ ಅಂದರೆ ಎಣ್ಣೆ ಕಣಯ್ಯ, ಅಂದಿದ್ದೆ.
ಪುಷ್ಯದ ಚಳಿ, ಬೆಳಗಿನ ಜಾವ ಐದು ಗಂಟೆ.
ಅದು ಎದ್ದು, ಆಕಳಿಸಿ, ಕಿರಿದಾರಿ ಹತ್ತಿ ಟರ್ಬೋ ಮುಟ್ಟುವುದರೊಳಗೆ
ಒಣ ಗಂಟಲಲ್ಲೇ ತಿರುಗಿತ್ತು ಚಕ್ರ,
ಒಂದು ದಿನ ಅಲ್ಲ, ಇಡೀ ಚಳಿಗಾಲ.
ಆ ಟರ್ಬೋ ಇನ್ನೂ ಕಿಟಕಿಯ ಮೇಲಿದೆ.
ಸಣ್ಣ ನಟ್ಟು ಹಾಕಿಡುತ್ತೇನೆ ಅದರೊಳಗೆ.
ಯಾರಾದರೂ ಕೇಳಿದರೆ, ಯಾವನೋ ಕೆಡಿಸಿದ್ದು ಎನ್ನುತ್ತೇನೆ.

ಚೆಲುವಯ್ಯ ಕೇಳಲಿಲ್ಲ.
ಆದರೂ ಹೇಳಿದೆ: "ಅದು ನಾನು ಕೆಡಿಸಿದ್ದು."

ಪುಸ್ತಕದಲ್ಲಿ ಬರೆದ ಎಣ್ಣೆ, ಬೂದಿ ಕಡಿಮೆಯದು,
ಬರೆದ ಕಿಲೋಮೀಟರಿಗಿಂತ ಮೊದಲೇ ಬದಲಿಸು.
ಇನ್ನೊಂದು ಔಷಧ ಡಬ್ಬದಲ್ಲಿ ಬರುವುದಿಲ್ಲ:
ಭಾನುವಾರ ಅರಸೀಕೆರೆ ರಸ್ತೆಗೆ ಬಿಡು.
ದುದ್ದ ದಾಟಲಿ, ಹಾರನಹಳ್ಳಿ ದಾಟಲಿ, ನಿಲ್ಲಿಸಬೇಡ.

"ಲೋಡು?"
"ಖಾಲಿ."
"ಅಲ್ಲೇನು ಕೆಲಸ?"
"ಏನಿಲ್ಲ."
"ಸುಮ್ನೆ ಹೋಗಿ ಸುಮ್ನೆ ಬರೋದಾ?"
ಡೀಸೆಲ್ ದುಡ್ಡು ಲೆಕ್ಕ ಹಾಕಿದ ಕಣ್ಣಲ್ಲೇ.
ಆಮೇಲೆ ಇನ್ನೇನೋ ಲೆಕ್ಕ ಹಾಕಿದ, ಅದು ನನಗೆ ಸಿಗಲಿಲ್ಲ.

ಸೋಮವಾರ ಬಂದ, ಕ್ಯಾನು ತುಂಬುವ ಮೊದಲೇ.
"ದುದ್ದದ ಹತ್ರ ಏನೋ ಸುಟ್ಟ ವಾಸನೆ ಬಂತಣ್ಣ,
ನಿಲ್ಸೋಕೆ ಹೋದೆ, ನೀವಂದಿದ್ದು ನೆನಪಾಗಿ ಒತ್ತಿದೆ.
ಅರಸೀಕೆರೆ ಬಂದದ್ದೂ ಗೊತ್ತಾಗ್ಲಿಲ್ಲ,
ಬಾಣಾವರದ ತನಕ ಹೋಗ್ಬಿಟ್ಟಿದ್ದೆ."
"ಅಲ್ಲೇನು ಮಾಡಿದೆ?"
"ಎಳನೀರು ಕುಡಿದೆ."
ಸ್ವಲ್ಪ ತಡೆದು, ತಪ್ಪೊಪ್ಪಿಕೊಳ್ಳುವವನ ಹಾಗೆ:
"ಗಾಡಿ ಆಫ್ ಮಾಡ್ಲಿಲ್ಲ."